ಹಾರುವ ಹಿಂಡು, ಜಾರುವ ಫೋಕಸ್

ಓದುಗರ ಪ್ರಶ್ನೆ, ನಮ್ಮ ಉತ್ತರ: ಛಾಯಾಗ್ರಹಣ

ಹಿಂಗಾರಿ ಜೋಳ ತೆನೆ ಹಿರಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೂ ಬದಲಾಗುತ್ತದೆ. ಮದುವೆಯ ಫೋಟೊ, ಜಾತ್ರೆಯ ಫೋಟೊಗಳ ಪ್ರಶ್ನೆಗಳು ಹಿಂದೆ ಸರಿದು, ಕೆರೆಯ ದಂಡೆಯಲ್ಲಿ ನಿಂತು ಆಕಾಶಕ್ಕೆ ಲೆನ್ಸ್ ಎತ್ತಿದವರ ಪ್ರಶ್ನೆಗಳು ಮುಂದೆ ಬರುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಹೇಳುತ್ತಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಹಾರುವ ಹಕ್ಕಿಗಳ ಹಿಂಡಿಗೇ ಮೀಸಲಿಡಲಾಗಿದೆ.

ಪ್ರಶ್ನೆ: ಮೂರು ಭಾನುವಾರಗಳಿಂದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಏಳುವುದನ್ನೂ ಇಳಿಯುವುದನ್ನೂ ತೆಗೆಯುತ್ತಿದ್ದೇನೆ. ನನ್ನದು ಕ್ರಾಪ್ ಸೆನ್ಸರಿನ (ಬೆಳಕು ಹಿಡಿಯುವ ಫಲಕ ಚಿಕ್ಕದಾಗಿರುವ) ಡಿಎಸ್‌ಎಲ್‌ಆರ್ ಮತ್ತು 150–600 ಮಿ.ಮೀ. ಜೂಮ್ ಲೆನ್ಸ್. ಸದಾ 600ರಲ್ಲಿ, ಅಪರ್ಚರ್ (ಲೆನ್ಸಿನ ಕಿಂಡಿ; ಅಂಕಿ ದೊಡ್ಡದಾದಷ್ಟು ಕಿಂಡಿ ಚಿಕ್ಕದು) ಎಫ್/6.3 ಮತ್ತು ಶಟರ್ ವೇಗ 1/500 ಸೆಕೆಂಡ್ ಇಟ್ಟು ತೆಗೆಯುತ್ತೇನೆ. ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿ ಕಂಡ ಚಿತ್ರ ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಒಂದು ಹಕ್ಕಿಯೂ ಸ್ಪಷ್ಟವಾಗಿರುವುದಿಲ್ಲ. ಕೆಲವು ಚಿತ್ರಗಳಲ್ಲಿ ಹಿಂದಿನ ಜಾಲಿ ಗಿಡಗಳು ಮಾತ್ರ ಕೂದಲೆಳೆಯಷ್ಟು ಸ್ಪಷ್ಟ. ಇಡೀ ಹಿಂಡನ್ನು ಫೋಕಸಿನಲ್ಲಿ ಹಿಡಿಯುವುದು ಹೇಗೆ? (ಗದಗದ ಓದುಗರು)

ಉತ್ತರ: ನಿಮ್ಮ ಪತ್ರದಲ್ಲಿ ಒಂದಲ್ಲ, ಕನಿಷ್ಠ ಮೂರು ತೊಂದರೆಗಳಿವೆ. ಮೂರನ್ನೂ ‘ಫೋಕಸ್ ಸರಿಯಿಲ್ಲ’ ಎಂಬ ಒಂದೇ ಹೆಸರಿನಿಂದ ಕರೆದಿರುವುದರಿಂದಲೇ ಅವು ಬಗೆಹರಿಯುತ್ತಿಲ್ಲ ಎಂದು ನನಗೆ ತೋರುತ್ತದೆ. ಆದ್ದರಿಂದ ಮುಂದಿನ ಭಾನುವಾರ ಕೆರೆಗೆ ಹೋಗುವ ಮೊದಲು ಹಳೆಯ ಚಿತ್ರಗಳನ್ನೇ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಹಕ್ಕಿ ಮಸುಕಾಗಿದ್ದು ಗಿಡವೋ, ನೀರಿನ ಅಲೆಯೋ, ಇನ್ನೊಂದು ಹಕ್ಕಿಯೋ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಾದ ಜಾಗದಲ್ಲಿ ಕುಳಿತಿದೆ ಎಂದರ್ಥ. ಎಲ್ಲ ಅಂಚುಗಳೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅದು ಚಲನೆಯಿಂದಾದ ಮಸುಕು, ಅದಕ್ಕೂ ಫೋಕಸಿಗೂ ಸಂಬಂಧವಿಲ್ಲ. ಅಂಚುಗಳು ಬಿಸಿ ಹಂಚಿನ ಮೇಲಿನ ಗಾಳಿಯಂತೆ ಅಂಕುಡೊಂಕಾಗಿ, ಒಂದು ಚಿತ್ರದಲ್ಲಿ ಒಂದು ರೀತಿ, ಮರುಚಿತ್ರದಲ್ಲಿ ಇನ್ನೊಂದು ರೀತಿ ಕಂಡರೆ ಅದು ವಾತಾವರಣದ ದೋಷ. ಈ ಕೊನೆಯದರ ಬಗ್ಗೆ ಲಕ್ಷ್ಮೇಶ್ವರದ ಓದುಗರು ಪ್ರತ್ಯೇಕವಾಗಿ ಕೇಳಿದ್ದಾರೆ, ಅಲ್ಲಿ ಹೇಳುತ್ತೇನೆ.

ಮೊದಲು ‘ಇಡೀ ಹಿಂಡು’ ಎಂಬ ಮಾತನ್ನೇ ಅಳತೆಗೆ ಹಚ್ಚೋಣ. ನಿಮ್ಮ ಕ್ಯಾಮೆರಾದ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲವಿರುತ್ತದೆ. 600 ಮಿ.ಮೀ. ಲೆನ್ಸಿನಲ್ಲಿ 60 ಮೀಟರ್ ದೂರದ ಹಕ್ಕಿಯನ್ನು ನೋಡಿದರೆ ಚೌಕಟ್ಟಿನಲ್ಲಿ ಹಿಡಿಯುವ ಅಗಲ ಸುಮಾರು 2.35 ಮೀಟರ್ ಮಾತ್ರ. ಪಟ್ಟೆತಲೆ ಹೆಬ್ಬಾತು ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರಿನಷ್ಟಾಗುತ್ತದೆ. ಅಂದರೆ ನಿಮ್ಮ ಚೌಕಟ್ಟಿನಲ್ಲಿ ಹಿಂಡು ಇರುವುದೇ ಇಲ್ಲ. ಒಂದು ಹಕ್ಕಿ ಇರುತ್ತದೆ, ಇನ್ನೊಂದರ ಅರ್ಧ ರೆಕ್ಕೆ ಇರುತ್ತದೆ. ಫೋಕಸಿನ ಮುಂದೆ ಮತ್ತು ಹಿಂದೆ ಸ್ಪಷ್ಟವಾಗಿ ಕಾಣುವ ಜಾಗವನ್ನು ಸ್ಪಷ್ಟತೆಯ ಆಳ ಎನ್ನೋಣ. ಎಫ್/6.3ರಲ್ಲಿ ಈ ಆಳ 60 ಮೀಟರಿಗೆ ಸುಮಾರು ಎರಡೂವರೆ ಮೀಟರ್. 30 ಮೀಟರಿಗೆ ಬಂದರೆ ಕೇವಲ 60 ಸೆಂಟಿಮೀಟರ್. ನಿಮ್ಮ ಕಡೆಗೆ ಓರೆಯಾಗಿ ಬರುವ ಒಂದೇ ಹೆಬ್ಬಾತಿನ ಎರಡು ರೆಕ್ಕೆಯ ತುದಿಗಳು ಕೂಡ ಆ 60 ಸೆಂಟಿಮೀಟರಿನೊಳಗೆ ಹಿಡಿಸುವುದಿಲ್ಲ. ಹೀಗಿರುವಾಗ ಹಿಂಡನ್ನೆಲ್ಲ ಹಿಡಿಸಲು ಯಾವ ಕ್ಯಾಮೆರಾಕ್ಕೂ ಸಾಧ್ಯವಿಲ್ಲ.

ಈಗ ಅದೇ ಲೆನ್ಸನ್ನು 200ಕ್ಕೆ ಇಳಿಸಿ, ಎಫ್/8 ಇಟ್ಟು, ಅದೇ 60 ಮೀಟರ್ ದೂರದ ಹಕ್ಕಿಗಳನ್ನು ನೋಡಿ. ಚೌಕಟ್ಟು ಏಳು ಮೀಟರ್ ಅಗಲವಾಗುತ್ತದೆ, ಸ್ಪಷ್ಟತೆಯ ಆಳ ಸುಮಾರು 30 ಮೀಟರ್ ಆಗುತ್ತದೆ. ಏಳೆಂಟು ಹೆಬ್ಬಾತುಗಳು ಒಂದರ ಹಿಂದೊಂದು ಓರೆಯಾಗಿ ಸಾಲುಗಟ್ಟಿದ್ದರೂ ಈ 30 ಮೀಟರಿನೊಳಗೆ ಸಲೀಸಾಗಿ ಹಿಡಿಸುತ್ತವೆ. 300 ಮಿ.ಮೀ.ನಲ್ಲಿ 100 ಮೀಟರ್ ದೂರದಿಂದ ತೆಗೆದರೂ ಲೆಕ್ಕ ಹೆಚ್ಚೂಕಡಿಮೆ ಇದೇ. ಇದರಿಂದ ತಿಳಿಯಬೇಕಾದುದು ಇಷ್ಟು: ಚೌಕಟ್ಟಿನಲ್ಲಿ ಎರಡು ಹಕ್ಕಿ ಹಿಡಿಸುವಷ್ಟು ಬಿಗಿಯಾಗಿ ತೆಗೆಯುತ್ತಿದ್ದರೆ ಒಂದನ್ನು ಆರಿಸಿಕೊಂಡು ಅದರ ಕಣ್ಣಿಗೆ ಫೋಕಸ್ ಮಾಡಿ, ಉಳಿದವು ಮಸುಕಾಗಲಿ ಎಂದು ಬಿಡಬೇಕು, ಹಿಂಡು ಹಿಡಿಸುವಷ್ಟು ಸಡಿಲವಾಗಿ ತೆಗೆಯುತ್ತಿದ್ದರೆ ಆಳದ ಚಿಂತೆಯನ್ನು ಬಿಟ್ಟು ಶಟರ್ ವೇಗದ ಕಡೆಗೆ ನೋಡಬೇಕು. ಹೊಸಬರು ಇದನ್ನು ಉಲ್ಟಾ ಮಾಡುತ್ತಾರೆ. ಬಿಗಿಯಾದ ಚೌಕಟ್ಟಿನಲ್ಲಿ ಎಲ್ಲವೂ ಸ್ಪಷ್ಟವಾಗಲೆಂದು ಎಫ್/11ರವರೆಗೆ ಹೋಗಿ, ಅದರಿಂದ ಶಟರ್ ವೇಗ ಕಳೆದುಕೊಂಡು, ಕೊನೆಗೆ ಎರಡೂ ಕೈಬಿಟ್ಟು ಬರುತ್ತಾರೆ. 600 ಮಿ.ಮೀ. ಕೊಂಡ ಮೇಲೆ 200ರಲ್ಲಿ ತೆಗೆಯಲು ಮನಸ್ಸು ಒಪ್ಪುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಹಿಂಡಿನ ಚಿತ್ರಕ್ಕೆ ನಿಮ್ಮ ಲೆನ್ಸಿನ ಚಿಕ್ಕ ತುದಿಯೇ ಹೆಚ್ಚು ಉಪಯೋಗಿ.

ಇನ್ನು ಶಟರ್ ವೇಗ. ಹೆಬ್ಬಾತು ತಾಸಿಗೆ 60 ಕಿ.ಮೀ. ವೇಗದಲ್ಲಿ ಹಾರುತ್ತಿದೆ ಎಂದು ಇಟ್ಟುಕೊಳ್ಳಿ. ಅದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು. ನೀವು ಇಟ್ಟ 1/500 ಸೆಕೆಂಡಿನಲ್ಲಿ ಹಕ್ಕಿ 33 ಮಿ.ಮೀ. ಸರಿದಿರುತ್ತದೆ. 600 ಮಿ.ಮೀ. ಲೆನ್ಸಿನಲ್ಲಿ 60 ಮೀಟರಿಗೆ ಇದು ಸೆನ್ಸರಿನ ಮೇಲೆ ಸುಮಾರು ಮೂರನೇ ಒಂದು ಮಿಲಿಮೀಟರ್, ಅಂದರೆ ಈಗಿನ ಸಾಮಾನ್ಯ ಸೆನ್ಸರಿನಲ್ಲಿ 80 ಪಿಕ್ಸೆಲ್‌ಗಳಷ್ಟು ಅಗಲದ ಗೆರೆ. 1/2000ಕ್ಕೆ ಏರಿಸಿದರೂ 20 ಪಿಕ್ಸೆಲ್ ಉಳಿಯುತ್ತದೆ. ಈ ಲೆಕ್ಕವನ್ನು ಇಷ್ಟು ವಿವರವಾಗಿ ಹೇಳುವ ಕಾರಣವೇನೆಂದರೆ, ಶಟರ್ ವೇಗ ಒಂದರಿಂದಲೇ ಹಕ್ಕಿ ನಿಲ್ಲುವುದಿಲ್ಲ. ಕ್ಯಾಮೆರಾವೂ ಹಕ್ಕಿಯ ಜೊತೆಗೆ ಅದೇ ವೇಗದಲ್ಲಿ ತಿರುಗುತ್ತಿರಬೇಕು. ಹಾಗೆ ತಿರುಗಿದಾಗ ದೇಹದ ಚಲನೆ ಸೆನ್ಸರಿನ ಮಟ್ಟಿಗೆ ಇಲ್ಲವಾಗುತ್ತದೆ, ರೆಕ್ಕೆಯ ಬಡಿತ ಮಾತ್ರ ಉಳಿಯುತ್ತದೆ, ಅದಕ್ಕೆ 1/1600ರಿಂದ 1/2500 ಸಾಕು. ಕಾಲುಗಳನ್ನು ಹಕ್ಕಿ ಹೋಗಿ ತಲುಪುವ ದಿಕ್ಕಿಗೆ ಇಟ್ಟು, ಸೊಂಟದಿಂದ ಹಿಂದಕ್ಕೆ ತಿರುಗಿ ಹಕ್ಕಿಯನ್ನು ಹಿಡಿದು, ಅದರೊಂದಿಗೆ ಬಿಚ್ಚಿಕೊಳ್ಳುತ್ತ ಬನ್ನಿ. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಒಂದೇ ದಿಕ್ಕಿಗೆ ಸಾಗುವ ಹಿಂಡಿಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಒಂದನ್ನು ಹಿಂಬಾಲಿಸಿದರೆ ಎಲ್ಲವನ್ನೂ ಹಿಂಬಾಲಿಸಿದಂತೆ. ನೀರಿನಿಂದ ಒಮ್ಮೆಲೇ ಏಳುವ ಹಿಂಡಿಗೆ ಒಗ್ಗುವುದಿಲ್ಲ. ಅಲ್ಲಿ ಹಕ್ಕಿಗಳು ನಾಲ್ಕೂ ದಿಕ್ಕಿಗೆ ಚದುರುವುದರಿಂದ ಒಂದರ ಬೆನ್ನು ಹತ್ತಿದರೆ ಉಳಿದವು ಇಮ್ಮಡಿ ಮಸುಕಾಗುತ್ತವೆ. ಆಗ 1/3200ರವರೆಗೆ ಹೋಗಿ, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಪ್ರಮಾಣ) ಏರಿದರೆ ಏರಲಿ. ಚಿತ್ರದಲ್ಲಿ ಬಂದ ಕಾಳುಕಾಳನ್ನು ಆಮೇಲೆ ತಂತ್ರಾಂಶದಿಂದ ಕಡಿಮೆ ಮಾಡಬಹುದು, ಎಳೆದ ಗೆರೆಯನ್ನು ಸರಿಮಾಡಲಾಗುವುದಿಲ್ಲ.

ಮುಂದಿನದು, ಜಾಲಿ ಗಿಡಗಳ ಸ್ಪಷ್ಟತೆ. ಕ್ಯಾಮೆರಾದ ಸ್ವಯಂಚಾಲಿತ ಫೋಕಸ್ ಹಕ್ಕಿಯನ್ನು ಹುಡುಕುವುದಿಲ್ಲ, ಬೆಳಕು ಮತ್ತು ಕತ್ತಲೆಯ ಗಡಿಯನ್ನು ಹುಡುಕುತ್ತದೆ. ಬೂದುಬಣ್ಣದ ಹೆಬ್ಬಾತಿಗಿಂತ ಬಿಸಿಲು ಬಿದ್ದ ಮುಳ್ಳುಕಂಟಿಯಲ್ಲಿ ಅಂಥ ಗಡಿಗಳು ಹೆಚ್ಚು, ಆದ್ದರಿಂದ ಅದು ಅತ್ತಲೇ ಜಾರುತ್ತದೆ. ಇದಕ್ಕೆ ಮೊದಲ ಪರಿಹಾರ ಕ್ಯಾಮೆರಾದಲ್ಲಿಲ್ಲ, ನೀವು ನಿಲ್ಲುವ ಜಾಗದಲ್ಲಿದೆ: ಹಿಂಡು ಗಿಡಗಳ ಮಟ್ಟ ದಾಟಿ ಬರಿಯ ಆಕಾಶಕ್ಕೆ ಬರುವವರೆಗೆ ಕಾಯಿರಿ. ಆಕಾಶದ ಹಿನ್ನೆಲೆಯಲ್ಲಿ ಫೋಕಸಿಗೆ ಹಕ್ಕಿ ಬಿಟ್ಟು ಹಿಡಿಯಲು ಬೇರೇನೂ ಇರುವುದಿಲ್ಲವಾದ್ದರಿಂದ ಹಲವು ಫೋಕಸ್ ಬಿಂದುಗಳ ಗುಂಪನ್ನು ಧೈರ್ಯವಾಗಿ ಬಳಸಬಹುದು. ಗಿಡ, ದಂಡೆ, ನೀರು ಹಿಂದಿದ್ದರೆ ನಡುವಿನ ಒಂದೇ ಬಿಂದುವಿಗೆ, ಹೆಚ್ಚೆಂದರೆ ಅದರ ಸುತ್ತಲಿನ ನಾಲ್ಕೈದಕ್ಕೆ ಇಳಿಯಿರಿ. ನಡುವಿನ ಬಿಂದುವೇ ಏಕೆಂದರೆ, ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಅಡ್ಡ ಮತ್ತು ಉದ್ದ ಎರಡೂ ದಿಕ್ಕಿನ ಗೆರೆಗಳನ್ನು ಗುರುತಿಸುವ ಬಿಂದು ಸಾಮಾನ್ಯವಾಗಿ ಅದೊಂದೇ.

ಫೋಕಸಿನ ವಿಧಾನ ‘ನಿರಂತರ’ದಲ್ಲಿರಬೇಕು, ಕ್ಯಾನನ್‌ನಲ್ಲಿ ಇದರ ಹೆಸರು ಎಐ ಸರ್ವೊ, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಸಿ. ಒಮ್ಮೆ ಹಿಡಿದು ನಿಲ್ಲುವ ವಿಧಾನದಲ್ಲಿ, ಫೋಕಸ್ ಆದ ಕ್ಷಣಕ್ಕೂ ಶಟರ್ ತೆರೆಯುವ ಕ್ಷಣಕ್ಕೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದರೂ ಎದುರಿಗೆ ಬರುವ ಹೆಬ್ಬಾತು ಒಂದೂವರೆ ಮೀಟರಿಗಿಂತ ಹೆಚ್ಚು ಹತ್ತಿರ ಬಂದಿರುತ್ತದೆ. ಇದನ್ನು ಪುಸ್ತಕ ಓದಿ ಕಲಿತವನಲ್ಲ ನಾನು. ಹಿಂದಿನ ದಿನ ಮದುವೆಯ ಮಂಟಪದಲ್ಲಿ ಇಟ್ಟ ವಿಧಾನವನ್ನು ಬದಲಿಸಲು ಮರೆತು, ಇಡೀ ಬೆಳಗು ಕೆರೆಯ ದಂಡೆಯಲ್ಲಿ ನಿಂತು, ನಾನೂರು ಚಿತ್ರಗಳಲ್ಲಿ ಈಜುತ್ತಿದ್ದ ಬಾತುಗಳನ್ನಷ್ಟೇ ಸ್ಪಷ್ಟವಾಗಿ ತಂದವನು ನಾನು. ಅಂದಿನಿಂದ ಚೀಲದಿಂದ ಕ್ಯಾಮೆರಾ ತೆಗೆದ ಕೂಡಲೇ ಮೊದಲು ಆ ಗುರುತನ್ನೇ ನೋಡುತ್ತೇನೆ.

ಫೋಕಸನ್ನು ಶಟರ್ ಗುಂಡಿಯಿಂದ ಬಿಡಿಸಿ ಹಿಂಬದಿಯ ಗುಂಡಿಗೆ ಕೊಡುವುದು ಒಳ್ಳೆಯದು. ಹೆಬ್ಬೆರಳು ಒತ್ತಿದಾಗ ಫೋಕಸ್ ಹಿಂಬಾಲಿಸುತ್ತದೆ, ಬಿಟ್ಟಾಗ ಇದ್ದಲ್ಲೇ ನಿಲ್ಲುತ್ತದೆ. ಹಿಂಡು ಗಿಡದ ಹಿಂದೆ ಮರೆಯಾದರೆ ಹೆಬ್ಬೆರಳು ಎತ್ತಿ, ಹೊರಬಂದಾಗ ಮತ್ತೆ ಒತ್ತಿ. ಲೆನ್ಸಿನ ಪಕ್ಕದಲ್ಲಿರುವ ದೂರದ ಮಿತಿಯ ಸ್ವಿಚ್ಚನ್ನು ದೂರಕ್ಕೆ ಇಟ್ಟರೆ ಫೋಕಸ್ ತಪ್ಪಿದಾಗ ಲೆನ್ಸ್ ಕಾಲ ಬುಡದಿಂದ ದಿಗಂತದವರೆಗೆ ಅಲೆಯುವುದು ತಪ್ಪುತ್ತದೆ. ಹಿಂಡು ಬರುವ ಮೊದಲೇ ಅಂದಾಜು ಅಷ್ಟೇ ದೂರದ ಗಿಡವೊಂದಕ್ಕೆ ಫೋಕಸ್ ಮಾಡಿ ಇಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ತೀರಾ ಮಸುಕಾದ ನೋಟದಲ್ಲಿ ಹಕ್ಕಿ ಇದೆಯೆಂಬುದೇ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ.

ಕೊನೆಗೆ ಗಾಳಿಯ ಮಾತು. ಹಕ್ಕಿಗಳು ಗಾಳಿಗೆ ಎದುರಾಗಿ ಏಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ನಮ್ಮ ಭಾಗದಲ್ಲಿ ಚಳಿಗಾಲದ ಗಾಳಿ ಬಹುತೇಕ ಮೂಡಲಿನದು. ಆದ್ದರಿಂದ ಬೆಳಿಗ್ಗೆ ಕೆರೆಯ ಮೂಡಣ ದಂಡೆಯಲ್ಲಿ ನಿಂತರೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಹಕ್ಕಿಗಳ ಮುಖ ನಿಮ್ಮ ಕಡೆಗಿರುತ್ತದೆ, ಹೊಲದಲ್ಲಿ ಮೇಯ್ದು ಮರಳಿ ನೀರಿಗಿಳಿಯುವ ಹೆಬ್ಬಾತುಗಳು ಎದುರುಗಾಳಿಯಲ್ಲಿ ರೆಕ್ಕೆ ಹರವಿ ವೇಗ ಕಳೆದುಕೊಳ್ಳುತ್ತವೆ. ಹಾರಿಹೋಗುವ ಹಿಂಡಿಗಿಂತ ಇಳಿಯುವ ಹಿಂಡಿನಲ್ಲಿ ನಿಮಗೆ ಸ್ಪಷ್ಟ ಚಿತ್ರಗಳು ಹೆಚ್ಚು ಸಿಗುತ್ತವೆ ಎಂದು ನನ್ನ ಅನುಭವದಿಂದ ಹೇಳಬಲ್ಲೆ.

ಪ್ರಶ್ನೆ: ಹಕ್ಕಿಯ ಕಣ್ಣನ್ನು ತಾನೇ ಗುರುತಿಸುವ ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದೇನೆ. ಕೆಲಗೇರಿ ಕೆರೆಯಲ್ಲಿ ಒಂಟಿ ಹಕ್ಕಿಯನ್ನು ಅದ್ಭುತವಾಗಿ ಹಿಡಿಯುತ್ತದೆ, ಆದರೆ ಬೆಳ್ಳಕ್ಕಿಗಳ ಗುಂಪು ಬಂದರೆ ಫೋಕಸಿನ ಚೌಕ ಒಂದರಿಂದ ಒಂದಕ್ಕೆ ಜಿಗಿಯುತ್ತಲೇ ಇರುತ್ತದೆ. ಇದು ಕ್ಯಾಮೆರಾದ ದೋಷವೇ? (ಧಾರವಾಡದ ಓದುಗರು)

ಉತ್ತರ: ದೋಷವಲ್ಲ. ಹತ್ತು ಕಣ್ಣುಗಳನ್ನು ಒಮ್ಮೆಗೇ ಕಂಡ ಕ್ಯಾಮೆರಾಕ್ಕೆ ನಿಮಗೆ ಬೇಕಾದುದು ಯಾವುದೆಂದು ನೀವು ಹೇಳಿಲ್ಲ, ಅಷ್ಟೆ. ಇಡೀ ಚೌಕಟ್ಟಿನಲ್ಲಿ ಹುಡುಕುವ ವಿಧಾನವನ್ನು ಬಿಟ್ಟು, ಚಿಕ್ಕ ವಲಯವೊಂದನ್ನು ಆರಿಸಿ, ಆ ವಲಯದೊಳಗೆ ಮಾತ್ರ ಹಕ್ಕಿಯನ್ನು ಗುರುತಿಸುವಂತೆ ಹೊಂದಿಸಿ. ಆಮೇಲೆ ಹಿಂಡಿನ ಮುಂದಾಳು ಹಕ್ಕಿಯನ್ನೋ, ನಿಮಗೆ ಅತಿ ಹತ್ತಿರದ ಹಕ್ಕಿಯನ್ನೋ ಆ ವಲಯದಲ್ಲಿ ಇರಿಸಿಕೊಂಡು ಫೋಕಸ್ ಆರಂಭಿಸಿ. ನಾನು ಹತ್ತಿರದ್ದನ್ನೇ ಆರಿಸುತ್ತೇನೆ. ಮುಂದಿನ ಹಕ್ಕಿ ಮಸುಕಾಗಿ ಹಿಂದಿನದು ಸ್ಪಷ್ಟವಾಗಿದ್ದರೆ ನೋಡುವವನ ಕಣ್ಣಿಗೆ ಚಿತ್ರವೇ ತಪ್ಪಾದಂತೆ ಕಾಣುತ್ತದೆ. ಮುಂದಿನದು ಸ್ಪಷ್ಟವಾಗಿದ್ದು ಹಿಂದಿನವು ಮೆಲ್ಲಗೆ ಕರಗಿದ್ದರೆ ಇಡೀ ಹಿಂಡು ಸರಿಯಾಗಿದೆ ಎಂದೇ ಅನ್ನಿಸುತ್ತದೆ.

ಎದುರಿಗೆ ಬೇರೆ ವಸ್ತು ಅಡ್ಡ ಬಂದಾಗ ಫೋಕಸ್ ಎಷ್ಟು ಬೇಗ ಅದಕ್ಕೆ ಹೊರಳಬೇಕು ಎಂಬುದನ್ನು ನಿರ್ಧರಿಸುವ ಹೊಂದಾಣಿಕೆಯೂ ಮೆನುವಿನಲ್ಲಿದೆ. ಕಂಪನಿಯಿಂದ ಕಂಪನಿಗೆ ಹೆಸರು ಬೇರೆ, ಕೆಲಸ ಒಂದೇ. ಅದನ್ನು ‘ಹಿಡಿದದ್ದನ್ನು ಬಿಡಬೇಡ’ ಎಂಬ ತುದಿಯ ಕಡೆಗೆ ಒಂದೆರಡು ಹೆಜ್ಜೆ ಸರಿಸಿದರೆ, ನೀವು ಹಿಂಬಾಲಿಸುವ ಬೆಳ್ಳಕ್ಕಿಯ ಮುಂದೆ ಇನ್ನೊಂದು ರೆಕ್ಕೆ ಬೀಸಿಹೋದರೂ ಫೋಕಸ್ ಕದಲುವುದಿಲ್ಲ. ಪೂರ್ತಿ ತುದಿಗೆ ಸರಿಸಬೇಡಿ, ಏಕೆಂದರೆ ಅಕಸ್ಮಾತ್ ಹಿನ್ನೆಲೆಯನ್ನು ಹಿಡಿದುಬಿಟ್ಟರೆ ಅದನ್ನೂ ಅಷ್ಟೇ ಹಟದಿಂದ ಹಿಡಿದುಕೊಂಡಿರುತ್ತದೆ.

ನೀವು ಕೇಳದ ಒಂದು ಮಾತು. ಸದ್ದಿಲ್ಲದೆ ಕೆಲಸ ಮಾಡುವ ಎಲೆಕ್ಟ್ರಾನಿಕ್ ಶಟರನ್ನು ಬಳಸುತ್ತಿದ್ದರೆ ಎಚ್ಚರವಿರಲಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ, ಓದಿ ಮುಗಿಸುವಷ್ಟರಲ್ಲಿ ರೆಕ್ಕೆ ಬೇರೆಡೆಗೆ ಹೋಗಿರುತ್ತದೆ, ಹೀಗಾಗಿ ರೆಕ್ಕೆಗಳು ಮುರಿದಂತೆ ಬಾಗಿ ಕಾಣುತ್ತವೆ. 1/4000 ಇಟ್ಟರೂ ಈ ದೋಷ ಹೋಗುವುದಿಲ್ಲ. ಹಾರುವ ಹಕ್ಕಿಗೆ ಯಾಂತ್ರಿಕ ಶಟರೇ ಲೇಸು.

ಪ್ರಶ್ನೆ: ನಮ್ಮ ಹೊಲದ ಜೋಳಕ್ಕೆ ಪ್ರತಿ ವರ್ಷ ಗುಲಾಬಿ ಕಬ್ಬಕ್ಕಿಗಳು ಸಾವಿರಗಟ್ಟಲೆ ಬರುತ್ತವೆ. ಸಂಜೆ ಅವು ಮೋಡದಂತೆ ಒಟ್ಟಾಗಿ ಸುತ್ತುವುದನ್ನು 70–300 ಮಿ.ಮೀ. ಲೆನ್ಸಿನಿಂದ ತೆಗೆಯಲು ಹೋದರೆ ಲೆನ್ಸ್ ಮುಂದೆ ಹಿಂದೆ ಓಡುತ್ತಲೇ ಇರುತ್ತದೆ, ಫೋಕಸ್ ಕೂಡುವುದೇ ಇಲ್ಲ. (ರಾಣೇಬೆನ್ನೂರು ತಾಲ್ಲೂಕಿನ ಓದುಗರು)

ಉತ್ತರ: ಅಪ್ಪ ಕವಣೆ ಬೀಸಿ ಓಡಿಸುವ ಹಕ್ಕಿಯನ್ನು ಮಗ ಲೆನ್ಸಿನಲ್ಲಿ ಹಿಡಿಯುವ ಕಾಲ ಇದು. ಸೀತನಿಯ ಹಂತದ ಹಾಲುಗಾಳನ್ನು ತಿಂದು ಹೋಗುವ ಈ ಅತಿಥಿಗಳು ಮಧ್ಯ ಏಷ್ಯಾದ ಕಡೆಯಿಂದ ಬಂದು ನಮ್ಮಲ್ಲಿ ಚಳಿಗಾಲ ಕಳೆಯುತ್ತವೆ. ಸಂಜೆ ತಂಗುವ ಮೊದಲು ಅವು ಆಕಾಶದಲ್ಲಿ ಬಿಡಿಸುವ ಆಕಾರಗಳನ್ನು ಕಂಡ ರೈತನಿಗೂ ಒಂದು ಗಳಿಗೆ ಸಿಟ್ಟು ಇಳಿಯುತ್ತದೆ.

ನಿಮಗೆ ಸ್ವಯಂಚಾಲಿತ ಫೋಕಸಿನ ಅಗತ್ಯವೇ ಇಲ್ಲ ಎಂಬುದು ನನ್ನ ಉತ್ತರ. ಹಿಂಡು ಒಂದು ಮೋಡದಂತಿರುವಾಗ ಕ್ಯಾಮೆರಾಕ್ಕೆ ಹಿಡಿಯಲು ಗಟ್ಟಿ ಅಂಚು ಸಿಗುವುದಿಲ್ಲ, ಅದರ ಮೇಲೆ ಸಂಜೆಯ ಬೆಳಕೂ ಕಡಿಮೆ. ಲೆನ್ಸನ್ನು 100 ಮಿ.ಮೀ.ಗೆ, ಅಪರ್ಚರನ್ನು ಎಫ್/5.6ಕ್ಕೆ ಇಟ್ಟು, ಹಕ್ಕಿಗಳು ಬರುವ ಮೊದಲೇ ಸುಮಾರು 90 ಮೀಟರ್ ದೂರದ ಬೇವಿನ ಮರಕ್ಕೋ, ವಿದ್ಯುತ್ ಕಂಬಕ್ಕೋ ಫೋಕಸ್ ಮಾಡಿ, ಲೆನ್ಸಿನ ಸ್ವಿಚ್ಚನ್ನು ಕೈಯಿಂದ ಫೋಕಸ್ ಮಾಡುವ ವಿಧಾನಕ್ಕೆ ಬದಲಿಸಿ. ಕ್ರಾಪ್ ಸೆನ್ಸರಿನ ಕ್ಯಾಮೆರಾದಲ್ಲಿ ಆಗ ಸುಮಾರು 45 ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಹಿಂಡು ಹತ್ತಿರ ಬರಲಿ, ದೂರ ಹೋಗಲಿ, ತಿರುಗಲಿ, ನೀವು ಫೋಕಸಿನ ಗೊಡವೆಗೆ ಹೋಗಬೇಕಾಗಿಲ್ಲ. ಜೂಮನ್ನು ಮಾತ್ರ ಮುಟ್ಟಬೇಡಿ; ಬಹಳಷ್ಟು ಲೆನ್ಸ್‌ಗಳಲ್ಲಿ ಜೂಮ್ ಬದಲಿಸಿದರೆ ಫೋಕಸಿನ ಜಾಗವೂ ಬದಲಾಗುತ್ತದೆ. ಅಪರ್ಚರನ್ನು ಎಫ್/8, ಎಫ್/11ಕ್ಕೆ ಒಯ್ಯುವ ಆಸೆಯೂ ಬೇಡ. ಉಳಿದ ಬೆಳಕನ್ನೆಲ್ಲ ಶಟರ್ ವೇಗಕ್ಕೆ ಖರ್ಚುಮಾಡಿ. ಬೆಳಕು ತೀರಾ ಇಳಿದು 1/500 ಕೂಡ ಸಿಗದ ಹೊತ್ತಿಗೆ, ಬೇಕೆಂದೇ 1/15ಕ್ಕೆ ಇಳಿಸಿ ಹಿಂಡನ್ನು ಹೊಗೆಯ ಸುರುಳಿಯಂತೆ ತೆಗೆದು ನೋಡಿ; ಅಲ್ಲಿ ಸ್ಪಷ್ಟತೆಯ ಪ್ರಶ್ನೆಯೇ ಉಳಿಯುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಏಳರ ಚಿತ್ರಗಳು ಚೆನ್ನಾಗಿರುತ್ತವೆ. ಹನ್ನೊಂದರ ನಂತರ ತೆಗೆದ ಒಂದೂ ಸ್ಪಷ್ಟವಾಗಿರುವುದಿಲ್ಲ, ಹೊಂದಾಣಿಕೆ ಎಲ್ಲ ಒಂದೇ. ಲೆನ್ಸ್ ಬಿಸಿಯಾಗಿ ಕೆಡುತ್ತದೆಯೇ? ರಿಪೇರಿಯವರು ಲೆನ್ಸಿನ ಫೋಕಸ್ ತಿದ್ದಬೇಕು ಎಂದಿದ್ದಾರೆ. (ಲಕ್ಷ್ಮೇಶ್ವರದ ಓದುಗರು)

ಉತ್ತರ: ಬೆಳಿಗ್ಗೆ ಸರಿಯಿದ್ದ ಲೆನ್ಸ್ ಮಧ್ಯಾಹ್ನಕ್ಕೆ ತಪ್ಪುತ್ತದೆ ಎಂದರೆ ತಿದ್ದಬೇಕಾದುದು ಲೆನ್ಸ್ ಅಲ್ಲ. ನಿಮ್ಮ ಸುತ್ತಲಿನ ಎರೆ ಹೊಲ ಬಿಸಿಲು ಏರಿದಂತೆ ಕಾಯುತ್ತದೆ, ನೆಲದ ಮೇಲಿನ ಬಿಸಿಗಾಳಿ ಮೇಲಿನ ತಂಪು ಗಾಳಿಯೊಡನೆ ಕಲಸುತ್ತದೆ, ಬೆಳಕು ಆ ಕಲಸಿನ ಮೂಲಕ ಬರುವಾಗ ಅಡ್ಡಾದಿಡ್ಡಿ ಬಾಗುತ್ತದೆ. ಡಾಂಬರು ರಸ್ತೆಯ ಮೇಲೆ ದೂರದ ಬಸ್ಸು ನಡುಗಿದಂತೆ ಕಾಣುವುದೂ ಇದರಿಂದಲೇ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ನಡುಕವನ್ನೂ ಉದ್ದ ಲೆನ್ಸ್ ಹಿಗ್ಗಿಸಿ ತೋರಿಸುತ್ತದೆ, ಕ್ಯಾಮೆರಾದ ಫೋಕಸ್ ಕೂಡ ಆ ನಡುಕವನ್ನೇ ಹಿಂಬಾಲಿಸುತ್ತ ಗೊಂದಲಕ್ಕೆ ಬೀಳುತ್ತದೆ. ಯಾವ ಶಟರ್ ವೇಗವೂ, ಎಷ್ಟು ಬೆಲೆಯ ಲೆನ್ಸೂ ಇದನ್ನು ದಾಟಲಾರದು. ಹತ್ತು ಗಂಟೆಯೊಳಗೆ ಕೆಲಸ ಮುಗಿಸಿ, ಇಲ್ಲವೆ ಸಂಜೆ ನಾಲ್ಕೂವರೆಯ ನಂತರ ಬನ್ನಿ. ನಡುಹೊತ್ತಿನಲ್ಲಿ ತೆಗೆಯಲೇಬೇಕಾದರೆ ತಲೆಯ ಮೇಲಿಂದ ಹಾರುವ ಹಿಂಡನ್ನು ಆರಿಸಿ. ನೆಲಕ್ಕೆ ಸಮವಾಗಿ ಹೊಲದ ಆಚೆಗೆ ನೋಡುವಾಗ ಇರುವಷ್ಟು ಬಿಸಿಗಾಳಿ ಮೇಲಕ್ಕೆ ನೋಡುವಾಗ ಅಡ್ಡ ಬರುವುದಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನ ಕಿಟಕಿಯಿಂದಲೂ, ಅದರ ಬಾನೆಟ್ಟಿನ ಮೇಲಿನಿಂದಲೂ ತೆಗೆಯಬೇಡಿ.

ಲೆನ್ಸ್ ನಿಜವಾಗಿ ತಪ್ಪುತ್ತಿದೆಯೇ ಎಂಬ ಪರೀಕ್ಷೆಯನ್ನು ಹಣ ಕೊಡುವ ಮೊದಲು ನೀವೇ ಮಾಡಬಹುದು. ಚಳಿಯ ಬೆಳಿಗ್ಗೆ ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, 15–20 ಮೀಟರ್ ದೂರದ ಅಕ್ಷರದ ಫಲಕವೊಂದಕ್ಕೆ ಪ್ರತಿಸಲ ಫೋಕಸನ್ನು ಕೆಡಿಸಿ ಮತ್ತೆ ಕೂಡಿಸಿ ಹತ್ತು ಚಿತ್ರ ತೆಗೆಯಿರಿ. ಆಮೇಲೆ ಹಿಂಬದಿಯ ಪರದೆಯಲ್ಲಿ ನೋಡಿ ಫೋಕಸ್ ಮಾಡುವ ಲೈವ್ ವ್ಯೂ ವಿಧಾನದಲ್ಲಿ ಇನ್ನೂ ಹತ್ತು. ಎರಡನೆಯ ಹತ್ತು ಸ್ಪಷ್ಟವಾಗಿದ್ದು ಮೊದಲ ಹತ್ತೂ ಒಂದೇ ರೀತಿ ಮಸುಕಾಗಿದ್ದರೆ ಮಾತ್ರ ತಿದ್ದುವ ಮಾತು. ಅಗ್ಗದ ಯುವಿ ಫಿಲ್ಟರ್ ಹಾಕಿದ್ದರೆ ಮೊದಲು ಅದನ್ನು ಬಿಚ್ಚಿ.

ಪ್ರಶ್ನೆ: ನನ್ನ ಬಳಿ ಇರುವುದು ಸೆಕೆಂಡಿಗೆ ಮೂರೇ ಚಿತ್ರ ತೆಗೆಯುವ ಹಳೆಯ ಕ್ಯಾಮೆರಾ ಮತ್ತು 55–250 ಮಿ.ಮೀ. ಲೆನ್ಸ್. ಉಣಕಲ್ ಕೆರೆಯ ಬೆಳ್ಳಕ್ಕಿಗಳ ಚಿತ್ರಗಳು ಒಂದೋ ಕಪ್ಪಾಗುತ್ತವೆ, ಇಲ್ಲವೆ ಮಸುಕಾಗುತ್ತವೆ. ಹೊಸ ಕ್ಯಾಮೆರಾ ಕೊಳ್ಳಲೇಬೇಕೆ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಉತ್ತರ: ಬೇಡ. ಮೇಲೆ ಗದಗದವರಿಗೆ ಹೇಳಿದ ಲೆಕ್ಕದಂತೆ ಹಿಂಡಿಗೆ ನಿಮ್ಮ ಲೆನ್ಸೇ ತಕ್ಕದ್ದು. ಮೂರು ಚಿತ್ರಗಳ ವೇಗದಲ್ಲಿ ಗುಂಡಿಯನ್ನು ಒತ್ತಿಹಿಡಿಯುವುದರಿಂದ ಲಾಭವಿಲ್ಲ, ಹಿಂಡನ್ನು ಹಿಂಬಾಲಿಸುತ್ತ ಅದು ಹೊರಳಿ ರೆಕ್ಕೆಗಳೆಲ್ಲ ಬೆಳಕಿಗೆ ಬಂದ ಗಳಿಗೆಯಲ್ಲಿ ಒಮ್ಮೆ ಒತ್ತಿ. ಕಪ್ಪಾಗುವುದಕ್ಕೆ ಕಾರಣ ಬಿಳಿ ಆಕಾಶ: ಚೌಕಟ್ಟು ತುಂಬ ಬೆಳಕು ಕಂಡ ಕ್ಯಾಮೆರಾ ಎಲ್ಲವನ್ನೂ ಕುಗ್ಗಿಸುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಸಿಗುವ ಬೆಳಕನ್ನು) ಮುಕ್ಕಾಲರಿಂದ ಒಂದು ಹಂತ ಹೆಚ್ಚಿಸಿ. ಆದರೆ ಬೆಳ್ಳಕ್ಕಿ ತಾನೇ ಬಿಳಿ, ಬಿಸಿಲು ನೇರ ಬಿದ್ದಾಗ ಗರಿಗಳ ಗೆರೆ ಅಳಿಸಿ ಸುಣ್ಣ ಬಳಿದಂತಾಗುತ್ತದೆ, ಆಗ ಹೆಚ್ಚಿಸಿದ್ದನ್ನು ಇಳಿಸಿ. ಗರಿಯ ಗೆರೆ ಅಳಿದ ಹಕ್ಕಿಯೂ ಮಸುಕಾದಂತೆಯೇ ಕಾಣುತ್ತದೆ. ನಿಮ್ಮ ಕೆಲವು ‘ಮಸುಕು’ ಚಿತ್ರಗಳಲ್ಲಿ ಫೋಕಸ್ ಸರಿಯಾಗಿಯೇ ಇರಬಹುದು. ಐಎಸ್‌ಒ 800, ಶಟರ್ 1/1600, ಎಫ್/5.6, ಬಿಸಿಲಿರುವ ಬೆಳಿಗ್ಗೆ ಇಲ್ಲಿಂದ ಆರಂಭಿಸಿ.

ಪ್ರಶ್ನೆ: ಹೆಬ್ಬಾತುಗಳು ಬಹಳ ಹೊತ್ತು ನೀರಿನಲ್ಲೇ ಕುಳಿತಿರುತ್ತವೆ. ಚಪ್ಪಾಳೆ ತಟ್ಟಿಯೋ ಕಲ್ಲು ಎಸೆದೋ ಎಬ್ಬಿಸಿದರೆ ಒಳ್ಳೆಯ ಚಿತ್ರ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ತಪ್ಪೇ? (ಹಾವೇರಿಯ ಓದುಗರು)

ಉತ್ತರ: ತಪ್ಪು. ಹಿಮಾಲಯ ದಾಟಿ ಬಂದ ಹಕ್ಕಿ ಹಗಲು ನೀರಿನಲ್ಲಿ ಕುಳಿತಿರುವುದು ವಿಶ್ರಾಂತಿಗೆ. ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ) ಸೇರಿದ ತಾಣ, ಸುಮಾರು 50 ಹೆಕ್ಟೇರಿನ ಪುಟ್ಟ ಕೆರೆ; ಒಂದು ದಂಡೆಯಲ್ಲಿ ಕಲ್ಲು ಬಿದ್ದರೆ ಕೆರೆಯೆಲ್ಲ ಏಳುತ್ತದೆ. ಅದಿರಲಿ, ನಿಮ್ಮ ಗೆಳೆಯರ ಲೆಕ್ಕವೂ ಸರಿಯಿಲ್ಲ. ಬೆದರಿದ ಹಿಂಡು ನಿಮಗೆ ಬೆನ್ನು ತೋರಿಸಿ ಓಡುತ್ತದೆ, ಅಡ್ಡಾದಿಡ್ಡಿ ಚದುರುತ್ತದೆ, ಅದರಲ್ಲಿ ಒಂದು ಕಣ್ಣೂ ನಿಮ್ಮ ಕಡೆಗಿರುವುದಿಲ್ಲ. ತಾನಾಗಿ ಏಳುವ ಹಿಂಡು ಮೊದಲೇ ಸೂಚನೆ ಕೊಡುತ್ತದೆ: ಕೂಗು ಹೆಚ್ಚುತ್ತದೆ, ಕತ್ತುಗಳು ನೇರವಾಗುತ್ತವೆ, ತಲೆಗಳು ಅಲುಗತೊಡಗುತ್ತವೆ, ಎಲ್ಲವೂ ಗಾಳಿಯ ಕಡೆಗೆ ಮುಖ ಮಾಡುತ್ತವೆ. ಕತ್ತುಗಳು ನೇರವಾದಾಗ ಹೆಬ್ಬೆರಳನ್ನು ಫೋಕಸ್ ಗುಂಡಿಯ ಮೇಲೆ ಇಟ್ಟುಕೊಂಡಿರಿ.